ಅಜ್ಜಿಯ ಖಾಲಿ ಸಂಚಿ

ಯಾರಾದರೂ ನನ್ನ ಗಂಟಲ ಕಡೆ ಕೈ ತಂದರೆ ಈಗಲೂ ಆ ಕೈಯನ್ನು ತಟ್ಟಿಬಿಡುತ್ತೇನೆ, ಮೊಮ್ಮಗುವಿನ ಕೈಯಾದರೂ ಸರಿ. ಕೊರಳ ಗುಳಿಯ ಮೇಲೆ ಅವರೆಕಾಳಿನಷ್ಟು ಒಂದು ಗಾಯದ ಗುರುತಿದೆ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಇಷ್ಟು ವರ್ಷ ಕಳೆದೆ. ನಾಚಿಕೆಗೆ ಮುಚ್ಚಿಕೊಳ್ಳುತ್ತೇನೆ ಎಂದುಕೊಂಡವರು ಅಂದುಕೊಳ್ಳಲಿ, ನಾನು ಮುಚ್ಚಿಕೊಳ್ಳುವುದು ಸಿಟ್ಟಿಗೆ. ಮೊನ್ನೆ ನಮ್ಮ ಸಭೆಯ ಹೊಸ ಅಯ್ಯನವರ, ಅಂದರೆ ಪಾದ್ರಿಯವರ, ಹೆಂಡತಿ, ಒಳ್ಳೆಯ ಹುಡುಗಿಯೇ, ಸ್ತ್ರೀಯರ ಕೂಟದಲ್ಲಿ ಎಲ್ಲರೆದುರು ಕೇಳಿಬಿಟ್ಟಳು.

"ಅಮ್ಮಾ, ನಿಮ್ಮ ತಂದೆಯವರು ಹೇಳ್ತಿದ್ರಂತಲ್ಲ ಗಂಟಲಿನ ಸಾಕ್ಷಿ, ನಮ್ಮತ್ತೆ ಇವತ್ತಿಗೂ ಹೇಳ್ತಾರೆ. ಒಂದ್ಸಲ ನಿಮ್ಮ ಬಾಯಿಂದ ಹೇಳ್ರಿ."

ಅಪ್ಪ ಮಣ್ಣಾಗಿ ಎಷ್ಟೋ ಕಾಲವಾಯಿತು, ಅವನ ಸುಳ್ಳು ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ! ಮೈ ಉರಿದುಹೋಯಿತು. ತಲೆನೋವು ಅಂತ ಹೇಳಿ ಎದ್ದು ಬಂದೆ. ಹೊರಗಿನವರಿಗೆ ಇದು ತಿಳಿದಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮ ಸಭೆಗಳಲ್ಲಿ ಸಾಕ್ಷಿ ಎಂದರೆ, ಒಬ್ಬರು ಎದ್ದು ನಿಂತು ನಾನು ಮೊದಲು ಹೀಗಿದ್ದೆ, ಕರ್ತನು ನನ್ನ ಬಾಳಿನಲ್ಲಿ ಹೀಗೆ ಮಾಡಿದನು ಎಂದು ತಮ್ಮ ಕಥೆಯನ್ನು ನಾಲ್ಕು ಜನಕ್ಕೆ ಹೇಳುವುದು. ಚೆನ್ನಾಗಿ ಹೇಳಿದರೆ ಕೇಳಿದವರಿಗೆ ಬಲ ಬರುತ್ತದೆ, ನಾನೇ ಎಷ್ಟೋ ಸಾಕ್ಷಿ ಕೇಳಿ ಕಣ್ಣೊರೆಸಿಕೊಂಡಿದ್ದೇನೆ. ಆದರೆ ತಮ್ಮ ಕಥೆ ಎನ್ನುವುದು ನೆನಪಿರಬೇಕು. ಮನೆಯವರ ಕಥೆಯನ್ನೆಲ್ಲ ಕತ್ತರಿಸಿ ತಮ್ಮ ಮೈಗೆ ಹೊಲಿದುಕೊಳ್ಳುವುದಲ್ಲ. ನಮ್ಮಪ್ಪ ದರ್ಜಿ, ಅವನಿಗೆ ಆ ಕೆಲಸ ಸಲೀಸು.

ಹೊಳಲ್ಕೆರೆಯಲ್ಲಿ ನಮ್ಮದು ಒಂದರ ಹಿಂದೊಂದು ಮೂರು ಕೋಣೆಯ ಉದ್ದನೆಯ ಮನೆ. ಮುಂದಿನ ಕೋಣೆ ವಾರವೆಲ್ಲ ಅಪ್ಪನ ಅಂಗಡಿ. ಮೆಷಿನ್ನು, ಬಟ್ಟೆ ಕತ್ತರಿಸುವ ಹಲಗೆ, ಎಣ್ಣೆಯ ವಾಸನೆ, ನೆಲದ ತುಂಬ ಬಟ್ಟೆಚೂರು. ಸ್ವಾತಂತ್ರ್ಯ ಬಂದ ಹೊಸತು ಅದು, ಆಗಸ್ಟು ಹತ್ತಿರ ಬಂದರೆ ಸ್ಕೂಲಿನವರು ಬಾವುಟ ಹೊಲಿಸಲು ಬರುತ್ತಿದ್ದರು, ಮನೆಯಲ್ಲಿ ಕೂತಲ್ಲಿ ನಿಂತಲ್ಲಿ ಕೇಸರಿ, ಹಸಿರು ದಾರ ಅಂಟಿಕೊಳ್ಳುತ್ತಿತ್ತು. ನಡುವಿನ ಕೋಣೆಯಲ್ಲಿ ಊಟ, ನಿದ್ದೆ. ಹಿಂದಿನದು ಅಡಿಗೆಮನೆ, ಅದರ ಮೂಲೆಯ ಗೋಡೆಗೂಡಿನಲ್ಲಿ ಅಜ್ಜಿಯ ದೇವರು. ಅಜ್ಜಿ ಅಂದರೆ ಅಪ್ಪನ ತಾಯಿ, ಕುರಿ ಕಾಯುವವರ ಹಟ್ಟಿಯಲ್ಲಿ ಹುಟ್ಟಿ ಬೆಳೆದವಳು. ಗಂಡ ಸತ್ತ ಮೇಲೆ ಒಬ್ಬನೇ ಮಗನ ಮನೆಗೆ ಬಂದಳು. ಬರುವಾಗ ಒಂದು ಕರಿಕಂಬಳಿ, ಅದರ ಮಡಿಕೆಯಲ್ಲಿ ಮನೆದೇವರು ಬೀರಪ್ಪನನ್ನು ತಂದಳು. ಮಗನಿಗೆ ಆ ದೇವರ ಹೆಸರನ್ನೇ ಇಟ್ಟಿದ್ದಳು. ಅವನು ದಾವಣಗೆರೆಗೆ ಹೊಲಿಗೆ ಕಲಿಯಲು ಹೋಗಿ, ಯೇಸುವನ್ನು ನಂಬಿ, ಯೋಹಾನನಾಗಿ, ಹಾಸ್ಟೆಲಿನಲ್ಲಿ ಓದಿದ ಕ್ರೈಸ್ತ ಹುಡುಗಿಯನ್ನು, ಅಂದರೆ ನಮ್ಮವ್ವನನ್ನು, ಮದುವೆಯಾಗಿ ಬಂದ. ಅಜ್ಜಿ ಅದಕ್ಕೆ ಅಳಲೂ ಇಲ್ಲ, ಬಯ್ಯಲೂ ಇಲ್ಲ. ಆದರೆ ಸಾಯುವವರೆಗೂ ಅವನನ್ನು ಬೀರ ಎಂದೇ ಕರೆದಳು. ಸೂಟು ಹೊಲಿಸಲು ಬಂದ ಅಮಲ್ದಾರರ ಮುಂದೆಯೂ ಲೇ ಬೀರ ಅನ್ನುತ್ತಿದ್ದಳು.

ದಿನಾ ಊಟಕ್ಕೆ ಕೂತಾಗ ಒಂದು ಸಣ್ಣ ಜಗಳ ಆಗಲೇಬೇಕು. ಅಪ್ಪನ ಪ್ರಾರ್ಥನೆ ಉದ್ದ. ಊರು, ದೇಶ, ಅಧಿಕಾರಿಗಳು, ರೋಗಿಗಳು, ಯಾರನ್ನೂ ಬಿಡುತ್ತಿರಲಿಲ್ಲ. ಅಜ್ಜಿ ಅಷ್ಟರಲ್ಲಿ ಮುದ್ದೆ ಮುರಿದಾಗಿರುತ್ತಿತ್ತು.

"ಮುದ್ದೆ ಆರಿ ಕಲ್ಲಾಗ್ತೈತೆ. ನಿನ್ನ ದೇವ್ರಿಗೆ ಬಿಸೀದು ಉಣ್ಣೋ ಅಭ್ಯಾಸ ಇಲ್ವೇನ್ಲೇ ಬೀರ?"

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ಒಮ್ಮೆ ಅಪ್ಪ, ಇವಳನ್ನು ಹೇಗಾದರೂ ಒಲಿಸಬೇಕೆಂದು, ನಮ್ಮ ಸತ್ಯವೇದದಲ್ಲಿ ದೇವರನ್ನು ಕುರುಬ ಎಂದು ಕರೆದಿದೆ ಎಂದು ತೆಗೆದು ಓದಿ ತೋರಿಸಿದ. ಅಜ್ಜಿ ಗಂಭೀರವಾಗಿ ಕೇಳಿಸಿಕೊಂಡಳು.

"ಹಂಗಾದ್ರೆ ನಮ್ಮ ಬೀರಪ್ಪನ ನೆಂಟ ಆದ. ಅದೇ ಗೂಡಿನಾಗೆ ಪಕ್ಕದಾಗೆ ಕುಂದ್ರಿಸು, ಜಾಗ ಐತೆ."

ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಆ ಗೂಡನ್ನು ಕಿತ್ತುಹಾಕಬೇಕೆಂದು ಅವನಿಗೆ ಆಸೆ, ಆದರೆ ಮುಟ್ಟಿದರೆ ಹಟ್ಟಿಗೆ ಹೋಗುತ್ತೇನೆ ಎಂದು ಅಜ್ಜಿ ಹೇಳಿದ್ದಳು. ಹಟ್ಟಿಯಲ್ಲಿ ಅವಳಿಗೆ ಸ್ವಂತದವರು ಅಂತ ಯಾರೂ ಉಳಿದಿರಲಿಲ್ಲ, ಅದು ಅಪ್ಪನಿಗೂ ಗೊತ್ತು. ಕೊನೆಗೆ ಅವನೇ ಒಂದು ಪರದೆ ಹೊಲಿದು ಗೂಡಿಗೆ ಇಳಿಬಿಟ್ಟ. ಅಜ್ಜಿ ಪರದೆ ಚೆನ್ನಾಗೈತೆ ಅಂದಳು, ಸೋಮವಾರ ಅದನ್ನು ಸರಿಸಿ ದೀಪ ಹಚ್ಚಿದಳು, ಮತ್ತೆ ಎಳೆದಳು.

ಅಜ್ಜಿಯ ಸೊಂಟಕ್ಕೆ ಯಾವಾಗಲೂ ಒಂದು ಎಲೆಅಡಿಕೆ ಸಂಚಿ ಸಿಕ್ಕಿಕೊಂಡಿರುತ್ತಿತ್ತು. ನಾನು ಬುದ್ಧಿ ತಿಳಿದಾಗಿನಿಂದ ಅದು ಖಾಲಿ. ಜಗಲಿಯ ಮೇಲೆ ಕೂತು ಉಣ್ಣೆ ನೂಲುತ್ತಾ, ಆಗಾಗ ಕದಿರು ಕೆಳಗಿಟ್ಟು, ಸಂಚಿಯೊಳಗೆ ಎರಡು ಬೆರಳು ತೂರಿಸಿ ಮೂಸಿ ನೋಡಿಕೊಳ್ಳುತ್ತಿದ್ದಳು. ಯಾರಾದರೂ ಎಲೆ ಮುಂದೆ ಹಿಡಿದರೆ, ಒಲ್ಲೆ ಕಣವ್ವ, ಬಿಟ್ಟೀನಿ, ಎನ್ನುವಳು. ಹಿಂದೆ ದಿನವಿಡೀ ಬಾಯಿ ಕೆಂಪಗಿರುತ್ತಿತ್ತಂತೆ. ಸುಣ್ಣ ಬಹಳ ಬೇಕಂತೆ ಅವಳಿಗೆ. ಅವ್ವ ಎಲೆ ಮಡಿಸಿ ಕೊಟ್ಟರೆ, ಸುಣ್ಣ ಹಚ್ಚಾಕೆ ಕೈ ಏನ್ ಗಿಡ್ಡ ನಿಂದು ಎಂದು ಬಯ್ದು, ತಾನೇ ಬಿಚ್ಚಿ ಇನ್ನೊಂದಿಷ್ಟು ಬಳಿದುಕೊಳ್ಳುತ್ತಿದ್ದಳಂತೆ. ಅಷ್ಟು ಪ್ರಾಣವಾಗಿದ್ದುದನ್ನು ಯಾಕೆ ಬಿಟ್ಟಳು ಎಂದು ಯಾರೂ ನನಗೆ ಹೇಳಿರಲಿಲ್ಲ.

ಭಾನುವಾರ ಸಂಜೆ ಅಂಗಡಿಯೇ ಸಭೆ. ಮೆಷಿನ್ನು ಮೂಲೆಗೆ ತಳ್ಳಿ ಜಮಖಾನ ಹಾಸಿದರೆ, ರೈಲ್ವೆಯವರು, ಒಬ್ಬ ಮೇಷ್ಟ್ರ ಮನೆಯವರು, ಆಸ್ಪತ್ರೆಯ ಒಬ್ಬ ದಾದಿ, ಹೀಗೆ ಕೋಣೆ ತುಂಬುವಷ್ಟು ಜನ. ಪರವೂರಿನಿಂದ ಯಾರಾದರೂ ಬಂದರೆ ಕೋಳಿ ಸಾರು. ಅವ್ವ ಬಂದವರಿಗೆ ಬಡಿಸುವ ಮುಂಚೆ ಮೊದಲ ತಟ್ಟೆಯನ್ನು ಜಗಲಿಗೆ ಒಯ್ದು ಅಜ್ಜಿಗೆ ಕೊಟ್ಟು, ಅವಳು ಒಂದು ತುತ್ತು ಉಣ್ಣುವವರೆಗೂ ಪಕ್ಕದಲ್ಲಿ ಕೂತು ಬರುತ್ತಿದ್ದಳು. ಅಪ್ಪ ಕಣ್ಣಲ್ಲೇ ಕರೆದರೂ ಏಳುತ್ತಿರಲಿಲ್ಲ. ನನಗೆ ಯೇಸು ಅಂದರೆ ಹೀಗೇ ಇದ್ದಿರಬೇಕು ಅಂತ ಅನಿಸಿದ್ದು ಆ ತಟ್ಟೆಯಿಂದ, ಯಾವ ಉಪದೇಶದಿಂದಲೂ ಅಲ್ಲ. ಒಳಗೆ ಹಾಡು ಮುಗಿದ ಮೇಲೆ ಅಪ್ಪನ ಸಾಕ್ಷಿ. ನನ್ನನ್ನು ಮೆಷಿನ್ನಿನ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದ. ಅವನ ದನಿಯೇ ಬದಲಾಗುತ್ತಿತ್ತು, ಮನೆಯ ಮಾತು ಹೋಗಿ ಪುಸ್ತಕದ ಮಾತು ಬರುತ್ತಿತ್ತು.

"ಪ್ರಿಯ ಸಹೋದರ ಸಹೋದರಿಯರೇ, ಈ ಮಗುವನ್ನು ನೋಡಿರಿ. ಈಕೆ ಗಂಟಲಮಾರಿಯಿಂದ ಸತ್ತವಳ ಹಾಗೆ ಬಿದ್ದಿದ್ದಳು. ನನ್ನ ತಾಯಿ ಅಂಧಕಾರದಲ್ಲಿದ್ದವಳು. ಮಗುವಿಗೆ ಬೇವಿನ ಹೊಗೆ ಹಾಕಿ, ಕೊರಳಿಗೆ ದಾರ ಕಟ್ಟಿ, ಆಸ್ಪತ್ರೆಗೆ ಒಯ್ಯಕೂಡದೆಂದು ಬಾಗಿಲಿಗೆ ಅಡ್ಡ ಕುಳಿತಳು. ನಾನು ಇದೇ ನೆಲದ ಮೇಲೆ ಮೊಣಕಾಲೂರಿ ಕರ್ತನೊಂದಿಗೆ ಹೋರಾಡಿದೆನು. ಆಗ ಕರ್ತನು ತನ್ನ ಬೆರಳಿನಿಂದ ಈಕೆಯ ಗಂಟಲನ್ನು ಮುಟ್ಟಿದನು. ಇಗೋ, ಗುರುತು ನೋಡಿರಿ!"

ಆಮೇಲೆ ತಗ್ಗಿದ ದನಿಯಲ್ಲಿ ನನಗೆ, "ಗಲ್ಲ ಎತ್ತೇ."

ನಾನು ಗಲ್ಲ ಎತ್ತುತ್ತಿದ್ದೆ. ಒಬ್ಬೊಬ್ಬರೇ ಎದ್ದು ಬಂದು ಸ್ತೋತ್ರ ಸ್ತೋತ್ರ ಎನ್ನುತ್ತಾ ಗುರುತನ್ನು ಮುಟ್ಟಿ ಹೋಗುತ್ತಿದ್ದರು. ಒಂದು ಬೆರಳಿಗೆ ಈರುಳ್ಳಿ ವಾಸನೆ, ಒಂದಕ್ಕೆ ನಶ್ಯದ್ದು, ಒಂದಕ್ಕೆ ಫಿನಾಯಿಲಿನದು. ಉಗುರು ತಾಗಿದರೆ ಉಸಿರು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಕೊಡವಿಕೊಂಡರೆ ಅಪ್ಪ ಹಿಂದಿನಿಂದ ರಟ್ಟೆ ಚಿವುಟುತ್ತಿದ್ದ. ಬಾಗಿಲಾಚೆ ಜಗಲಿಯಲ್ಲಿ ಅಜ್ಜಿ, ತನ್ನನ್ನು ಕೊಲೆಗಾತಿಯನ್ನಾಗಿ ಮಾಡಿ ಹೇಳುತ್ತಿರುವುದನ್ನೆಲ್ಲ ಕೇಳಿಸಿಕೊಳ್ಳುತ್ತಾ ಉಣ್ಣೆ ನೂಲುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಸಾಕ್ಷಿ ದಪ್ಪವಾಗುತ್ತಾ ಹೋಯಿತು. ಒಂದು ವರ್ಷ ಕೋಣೆಯಲ್ಲಿ ಬೆಳಕು ಬಂತು, ಇನ್ನೊಂದು ವರ್ಷ ರೆಕ್ಕೆಯ ಸಪ್ಪಳ. ಆಮೇಲೆ ಒಂದು ದಿನ, ಆ ಅದ್ಭುತವನ್ನು ಕಂಡು ನನ್ನ ತಾಯಿಯ ಕಠಿಣ ಹೃದಯ ಕರಗಿತು, ಕರ್ತನು ಆಕೆಯ ಎಲೆ ಅಡಿಕೆಯ ಚಟವನ್ನೂ ಬಿಡಿಸಿದನು, ಎಂದು ಸೇರಿಸಿದ. ಜಗಲಿಯಲ್ಲಿ ಕದಿರು ನಿಂತಿತು. ಅದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಹಾಗೆ ನಿಂತದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ದರ್ಜಿಯ ಮಗಳಿಗೆ ಹೊಲಿಗೆಯ ಗುರುತು ತಿಳಿಯದೆ ಇರುತ್ತದೆಯೇ? ಕನ್ನಡಿಯಲ್ಲಿ ನೋಡಿಕೊಂಡರೆ ಗಾಯದ ಆಚೀಚೆ ಸೂಜಿ ಚುಚ್ಚಿದ ಚುಕ್ಕಿಗಳು. ದೇವರ ಬೆರಳಿಗೆ ಹೊಲಿಗೆ ಯಾಕೆ ಬೇಕಾಯಿತು ಅಪ್ಪ ಎಂದು ಕೇಳಿ ಕಿವಿ ಹಿಂಡಿಸಿಕೊಂಡೆ. ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೋ ಏನೋ, ಎದುರುಮನೆಯ ಬುಡೇನ್ ಸಾಬರು ಬಿಡಲಿಲ್ಲ. ಅವರು ಜಟಕಾ ಹೊಡೆಯುತ್ತಿದ್ದರು, ಸ್ಕೂಲಿನಿಂದ ಬರುವಾಗ ದಾರಿಯಲ್ಲಿ ಸಿಕ್ಕರೆ ಹತ್ತಿಸಿಕೊಳ್ಳುತ್ತಿದ್ದರು.

"ಏನಮ್ಮ ಎಸ್ತರವ್ವ, ನಿಮ್ಮಪ್ಪನ ಭಾಷಣ ಐತ್ವಾರ ಐತ್ವಾರ ನಮ್ಮನಿಗೂ ಕೇಳಿಸ್ತೈತೆ. ದೇವ್ರು ಬಂದ, ಬೆಳಕು ಬಂತು, ರೆಕ್ಕೆ ಬಂತು. ಎಲ್ಲಾರೂ ಬಂದ್ರು. ನನ್ನ ಕುದ್ರೆ ಎಲ್ಲೋಯ್ತು?"

"ಯಾವ ಕುದ್ರೆ ಸಾಬ್ರೇ?"

ಸಾಬರು ಲಗಾಮು ಹಿಡಿದೇ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು.

"ಅಯ್ಯೋ ಅಲ್ಲಾ! ಹುಡುಗಿಗೆ ಗೊತ್ತೇ ಇಲ್ಲ. ನಿಮ್ಮವ್ವನ್ನ ಕೇಳಮ್ಮ. ಮನೆ ಮಾತು, ನಾನು ಹೇಳಬಾರ್ದು."

ಅವ್ವ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಕೇಳಿದೆ. ಮೊದಲು, ಹೋಗೇ, ಓದ್ಕೋ ಹೋಗು ಅಂದಳು. ನಾನು ಮೊರ ಹಿಡಿದುಕೊಂಡು ಬಿಡಲಿಲ್ಲ. ಆಗ ಹೇಳಿದಳು, ಕಲ್ಲು ಆರಿಸಿ ಹಾಕಿದ ಹಾಗೆ ಒಂದೊಂದೇ ಮಾತು. ನಾನು ಕಾಯಿಲೆ ಬಿದ್ದಾಗ ಅಪ್ಪ ಊರಲ್ಲೇ ಇರಲಿಲ್ಲ. ದಾವಣಗೆರೆಯಲ್ಲಿ ದೊಡ್ಡ ಕೂಟ, ಅಲ್ಲಿ ಸಾಕ್ಷಿ ಹೇಳಲು ಹೋಗಿದ್ದ. ಅಜ್ಜಿ ಬೇವಿನ ಹೊಗೆ ಹಾಕಿದ್ದು ನಿಜ, ಮೊದಲ ದಿನ, ಆ ಕಾಲದಲ್ಲಿ ಬೀದಿಗೆಲ್ಲ ಹಾಕುತ್ತಿದ್ದರು. ಎರಡನೆಯ ದಿನ ನನ್ನ ಗಂಟಲು ಗೊರಗೊರ ಅನ್ನತೊಡಗಿತು. ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ದುರ್ಗದ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ಬಸ್ಸು ಕೆಟ್ಟು ನಿಂತಿತ್ತು. ಅವ್ವ ಅಳುತ್ತಾ ಬಸ್‌ಸ್ಟ್ಯಾಂಡಿನಲ್ಲಿ ಕೂತುಬಿಟ್ಟಳು. ಅಜ್ಜಿ ಸೀದಾ ಬುಡೇನ್ ಸಾಬರ ಹತ್ತಿರ ಹೋಗಿ ಜಟಕಾ ದುರ್ಗಕ್ಕೆ ಹೊಡಿ ಅಂದಳಂತೆ.

"ಅಷ್ಟು ದೂರ ಕುದ್ರೆ ತಡಿಯಲ್ಲವ್ವ ಅಂದ್ರು ಸಾಬ್ರು. ಕುದ್ರೆ ಬಿದ್ರೆ ಗಾಡಿ ಮೂಕಿಗೆ ನಾನು ಹೆಗಲು ಕೊಡ್ತೀನಿ, ನಡಿಯಪ್ಪ ಅಂದ್ರು ನಿಮ್ಮಜ್ಜಿ. ದಾರಿ ಪೂರಾ ನಿನ್ನ ಕಂಬಳಿಯಾಗೆ ಸುತ್ತಿ ನೆಟ್ಟಗೆ ಎತ್ತಿ ಹಿಡ್ಕಂಡಿದ್ರು. ಮಲಗಿಸಿದ್ರೆ ಉಸ್ರು ನಿಲ್ತೈತೆ ಅಂತ ನನಗೂ ಕೊಡ್ಲಿಲ್ಲ. ಅರ್ಧ ದಾರಿಗೆ ನಿನ್ನ ತುಟಿ ನೀಲಿಯಾಯ್ತು ಕಣೇ. ನಾನು ಯೇಸಪ್ಪಾ ಯೇಸಪ್ಪಾ ಅಂತಿದ್ದೆ. ಅತ್ತೇರು ಒಂದು ಕೈಯಾಗೆ ಸಂಚಿ ಬಿಚ್ಚಿ, ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲಾ ರಸ್ತೆಗೆ ಸುರುವಿದ್ರು. ಬೀರಪ್ಪ, ಕೂಸು ಉಳಿಸಪ್ಪ, ಉಸಿರಿರೋ ತನಕ ಇದು ನನ್ನ ಬಾಯಿಗೆ ಬ್ಯಾಡ, ಅಂದ್ರು. ದುರ್ಗದಾಗೆ ಡಾಕ್ಟ್ರು ಗಂಟಲು ಕೊಯ್ದು ನಳಿಗೆ ಹಾಕಿದ್ರು. ನೀನು ಉಸ್ರು ಎಳ್ದೆ."

ಒಂದೇ ಜಟಕಾದಲ್ಲಿ ಬೀರಪ್ಪ, ಯೇಸು, ಅಲ್ಲಾ! ಇದನ್ನು ಕೇಳಿ ಆಹಾ ಎಂಥ ಸೊಗಸು ಎನ್ನುವವರನ್ನು ನಾನು ಕಂಡಿದ್ದೇನೆ. ನನಗೆ ಆಹಾ ಅನಿಸಲಿಲ್ಲ. ನನಗೆ ಬಂದದ್ದು ಸಿಟ್ಟು, ಕಣ್ಣಿಗೆ ಕತ್ತಲೆ ಬರುವಂಥ ಸಿಟ್ಟು. ನನ್ನ ತಲೆಯ ಯಾವುದೋ ಮೂಲೆಯಲ್ಲಿ ಉಣ್ಣೆಯ ವಾಸನೆ, ಗೆಜ್ಜೆಯ ಸದ್ದು ಉಳಿದಿತ್ತು. ಅದು ಕನಸಿರಬೇಕು ಎಂದುಕೊಂಡಿದ್ದೆ. ನನಗೇ ಸೇರಿದ್ದ ಅದೊಂದು ನೆನಪನ್ನೂ ಅಪ್ಪ ತನ್ನ ಬೆಳಕು, ರೆಕ್ಕೆಗಳ ಕೆಳಗೆ ಹೂತುಹಾಕಿದ್ದ. ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಅವ್ವನ ಮೇಲೂ ರೇಗಿದೆ.

"ನಿಮ್ಮಪ್ಪ ಬಂದಾಗ ನಿನ್ನ ಕೊರಳಾಗೆ ನಳಿಗೆ ಇತ್ತು. ನೋಡಿ ಆಸ್ಪತ್ರೆ ಗೋಡೆಗೆ ತಲೆ ಚಚ್ಕಂಡ್ರು, ನಾನಿರ್ಲಿಲ್ಲ, ನಾನಿರ್ಲಿಲ್ಲ ಅಂತ. ಆಮೇಲೆ ಒಂದಿನ ಸಭೆಯಾಗೆ, ಇದ್ದೆ ಅಂದ್ರು. ಪಾಪ, ಹೋಗ್ಲಿ ಅಂತ ಸುಮ್ಕಾದೆ."

ಪಾಪವಂತೆ! ಅವನಿಗೆ ಪಾಪ ಎಂದಳು, ಜಗಲಿಯ ಮೇಲೆ ಕೂತವಳಿಗೆ ಯಾರು ಪಾಪ ಅನ್ನಬೇಕು? ಅಪ್ಪನ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಅರ್ಥವಾದರೆ ಸಿಟ್ಟು ಇಳಿಯುತ್ತದೆ ಅಂತಾರಲ್ಲ, ಅವರು ಜನ್ಮದಲ್ಲಿ ಸರಿಯಾಗಿ ಸಿಟ್ಟು ಮಾಡಿಕೊಂಡವರಲ್ಲ.

ಅಷ್ಟರಲ್ಲಿ ನನ್ನ ದೀಕ್ಷಾಸ್ನಾನದ ದಿನ ಹತ್ತಿರ ಬಂತು. ನಮ್ಮಲ್ಲಿ ನೀರಿಗೆ ಇಳಿಯುವ ಹಿಂದಿನ ಸಂಜೆ, ದೀಕ್ಷೆ ತೆಗೆದುಕೊಳ್ಳುವವರು ತಮ್ಮ ತಮ್ಮ ಸಾಕ್ಷಿಯನ್ನು ತಾವೇ ಹೇಳಬೇಕು. ದಾವಣಗೆರೆಯಿಂದ ದೊಡ್ಡ ಅಯ್ಯನವರು ಬರುವವರಿದ್ದರು, ಜೊತೆಗೆ ಪರವೂರಿನ ಅತಿಥಿಗಳು. ಅಪ್ಪ ನನಗೆ ತನ್ನ ಸಾಕ್ಷಿಯನ್ನೇ ಕಲಿಸತೊಡಗಿದ, ಈಕೆ ಎನ್ನುವಲ್ಲೆಲ್ಲ ನಾನು ಎಂದು ಬದಲಾಯಿಸಿ. ಅದೂ ಸಾಲದು ಎಂದು ಸಾಕ್ಷಿಯ ದಿನ ಊಟಕ್ಕೆ ಕೂತಾಗ ಅಜ್ಜಿಯ ಕಡೆ ತಿರುಗಿದ.

"ಅವ್ವ, ಈ ಸಲ ನೀನೂ ಒಳಗೆ ಬರ್ಬೇಕು. ಏನೂ ಮಾತಾಡಬ್ಯಾಡ. ನಾನು ಎಲೆ ಅಡಿಕೆ ವಿಷ್ಯ ಹೇಳ್ದಾಗ ಸಂಚಿ ಎತ್ತಿ ತೋರ್ಸಿ ಹೂಂ ಅನ್ನು. ಅಷ್ಟೇ."

ಅಜ್ಜಿಯ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು.

"ಅದು ಯಾರಿಗೆ ಕೊಟ್ಟಿದ್ದು ಅಂತ ನಿಂಗೆ ಗೊತ್ತೈತೆ ಬೀರ."

"ಎಲ್ಲಾ ಒಬ್ನೇ ದೇವ್ರು ಅಂತ ನೀನೇ ಅಂತೀಯಲ್ಲ."

"ಹಂಗಾದ್ರೆ ಬೀರಪ್ಪ ಬಿಡಿಸ್ದ ಅಂತ ಹೇಳು. ನಾನು ಸಂಚಿ ಎತ್ಕಂಡು ಕುಣೀತೀನಿ."

ಅಪ್ಪ ತಟ್ಟೆ ಸರಿಸಿ ಎದ್ದ. ನನ್ನ ಮನೆಯಲ್ಲಿ ಇರುವವರು ನನ್ನ ಮಾತು ಕೇಳಬೇಕು, ಆಗದಿದ್ದವರು ದಾರಿ ನೋಡಿಕೊಳ್ಳಲಿ, ಎಂದು ಹೇಳಿ ಮೆಷಿನ್ನಿಗೆ ಹೋಗಿ ಕೂತ. ಹೆತ್ತ ತಾಯಿಗೆ ಹೇಳುವ ಮಾತೇ ಅದು! ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಕದಿರು ಮುಟ್ಟಿರಲಿಲ್ಲ.

"ಕೂಸೇ, ನಾನು ಕೊಲೆಗಾತಿ ಅಂದ, ಅನ್ನಿಸ್ಕಂಡೆ. ನನ್ನ ಮಗ, ನನ್ನ ಮಾನ, ಕಳೀಲಿ ಬಿಡು. ಹರಕೆ ಹಂಗಲ್ಲ. ಒಬ್ಬನಿಗೆ ಕೊಟ್ಟಿದ್ದನ್ನ ಇನ್ನೊಬ್ಬ ಇಸ್ಕಂಡ ಅಂತ ಹೂಂ ಅಂದ್ರೆ, ನಾನು ಅವತ್ತು ಆಡಿದ ಮಾತೇ ಸುಳ್ಳಾಗ್ತೈತೆ. ಹೂಂ ಅನ್ನದಿದ್ರೆ ಈ ವಯಸ್ಸಿನಾಗೆ ಎಲ್ಲಿಗೆ ಹೋಗ್ಲಿ?"

ಬಾಯಿ ತೆರೆದರೆ ಕೂಗಿಬಿಡುತ್ತೇನೆ ಅನಿಸಿ, ಎದ್ದು ಒಳಗೆ ಹೋದೆ.

ಆ ಸಂಜೆ ಕೋಣೆ ಕಿಕ್ಕಿರಿದಿತ್ತು. ಅಜ್ಜಿಯನ್ನು ಒಳಬಾಗಿಲ ಹೊಸ್ತಿಲ ಹತ್ತಿರ ಕೂರಿಸಿದ್ದರು, ತೊಡೆಯ ಮೇಲೆ ಸಂಚಿ. ಅವಳು ಆ ಕೋಣೆಯಲ್ಲಿ ಸಭೆಯ ಹೊತ್ತಿಗೆ ಕೂತದ್ದು ಅದೇ ಮೊದಲು. ನನಗಿಂತ ಮುಂಚೆ ರೈಲ್ವೆಯವರ ಹುಡುಗರು ತಮ್ಮದನ್ನು ತಡವರಿಸುತ್ತಾ ಹೇಳಿ ಮುಗಿಸಿದರು. ಅಪ್ಪ ಸ್ಟೂಲು ಎಳೆದ. ಇಷ್ಟು ದೊಡ್ಡವಳನ್ನೂ ಸ್ಟೂಲು ಹತ್ತಿಸಿದ! ಗಲ್ಲ ಎತ್ತೇ, ಎಂದ. ನಾನು ಸ್ಟೂಲಿನಿಂದ ಇಳಿದು ನೆಲದ ಮೇಲೆ ನಿಂತು, ಸೆರಗನ್ನು ಕೊರಳಿಗೆ ಸುತ್ತಿಕೊಂಡೆ. ಕಲಿಸಿದ ಪುಸ್ತಕದ ಮಾತು ಒಂದೂ ಬರಲಿಲ್ಲ, ಮನೆಯ ಮಾತೇ ಬಂತು.

"ನಂಗೆ ಗಂಟಲಮಾರಿ ಬಂದಾಗ ನಮ್ಮಪ್ಪ ಇಲ್ಲಿ ಇರ್ಲಿಲ್ಲ, ದಾವಣಗೆರೆಯಾಗಿದ್ರು. ನನ್ನ ಆಸ್ಪತ್ರೆಗೆ ಹೊತ್ಕಂಡು ಹೋದೋಳು ನಮ್ಮಜ್ಜಿ. ಓಡಿದ್ದು ಬುಡೇನ್ ಸಾಬ್ರ ಕುದ್ರೆ. ಗಂಟಲು ಕೊಯ್ದಿದ್ದು ಡಾಕ್ಟ್ರು, ಇವು ಹೊಲಿಗೆ ಗುರ್ತು. ಅಜ್ಜಿ ಎಲೆ ಅಡಿಕೆ ಬಿಟ್ಟಿದ್ದು ಬೀರಪ್ಪಗೆ ಹರಕೆ ಹೊತ್ತು. ಯೇಸು ಬಿಡಿಸ್ಲಿಲ್ಲ. ನಾನು ಯೇಸುನ್ನ ನಂಬ್ತೀನಿ. ನಮ್ಮವ್ವ ಮೊದ್ಲು ಅಜ್ಜಿಗೆ ತಟ್ಟೆ ಕೊಡ್ತಾಳೆ, ಅದನ್ನ ನೋಡಿ ನಂಬ್ದೆ. ಇಷ್ಟೇ ನನ್ನ ಸಾಕ್ಷಿ."

"ಬಾಯಿ ಮುಚ್ಚೇ!" ಅಪ್ಪ ಕೈ ಎತ್ತಿಕೊಂಡು ಬಂದ. ಅವ್ವ ನಡುವೆ ನಿಂತಳು. ಕೋಣೆಯಲ್ಲಿ ಯಾರೂ ಸ್ತೋತ್ರ ಅನ್ನಲಿಲ್ಲ. ಹೊರಗೆ, ಬೀದಿಯ ಕತ್ತಲಲ್ಲಿ, ಯಾರೋ ಶಹಬ್ಬಾಸ್ ಅಂದದ್ದು ಕೇಳಿಸಿತು. ಯಾರೆಂದು ನನಗೆ ಗೊತ್ತಿತ್ತು. ದೊಡ್ಡ ಅಯ್ಯನವರು ಕೆಟ್ಟವರಲ್ಲ, ಮೆತ್ತಗೆ ಮಾತಾಡಿದರು.

"ಮಗಳೇ, ಸಾಕ್ಷಿಯಿಂದ ಕರ್ತನಿಗೆ ಮಹಿಮೆ ಬರಬೇಕು. ನೀನು ಬೇರೆ ದೇವರ ಹೆಸರು ತಂದೆ, ತಂದೆಯನ್ನು ಅವಮಾನ ಮಾಡಿದೆ. ನಿನಗೆ ಇನ್ನೂ ಸ್ವಲ್ಪ ಕಾಲ ಬೇಕು."

"ಸುಳ್ಳು ಸಾಕ್ಷಿ ಹೇಳಬಾರ್ದು ಅಂತ ಆಜ್ಞೆ ಐತಲ್ಲ ಅಯ್ಯನೋರೇ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತಿನವರೆಗೂ ಆ ಪ್ರಶ್ನೆಗೆ ಯಾವ ಅಯ್ಯನವರೂ ನನಗೆ ಉತ್ತರ ಕೊಟ್ಟಿಲ್ಲ. ಅಜ್ಜಿ ಸಂಚಿಯನ್ನು ಎತ್ತಲಿಲ್ಲ. ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಜಗಲಿಗೆ ಹೋದಳು. ಮಾರನೆಯ ಬೆಳಿಗ್ಗೆ ರೈಲ್ವೆಯವರ ಹುಡುಗರು ಕೆರೆಯ ನೀರಿಗಿಳಿದರು. ನಾನು ಏರಿಯ ಮೇಲೆ ಅವರ ಟವೆಲುಗಳನ್ನು ಹಿಡಿದುಕೊಂಡು ನಿಂತಿದ್ದೆ. ನಿಜ ಹೇಳಿದವಳು ದಡದಲ್ಲಿ, ಸುಳ್ಳು ಹೇಳಿದವನು ನೀರಿನಲ್ಲಿ ಅಯ್ಯನವರ ಪಕ್ಕದಲ್ಲಿ! ಮನೆಗೆ ಬಂದು ಅಪ್ಪ ಅಜ್ಜಿಯ ಕಂಬಳಿಯನ್ನು ಹೊರಗೆಸೆಯಲು ಕೈ ಹಾಕಿದ. ಆಗ ಅವ್ವ, ಮದುವೆಯಾದಾಗಿನಿಂದ ಅವನಿಗೆ ಎದುರಾಡದ ಅವ್ವ, ತನ್ನ ಟ್ರಂಕನ್ನು ತಂದು ಬಾಗಿಲಲ್ಲಿಟ್ಟಳು.

"ಅತ್ತೇರು ಹೋದ್ರೆ ನಾನೂ ಹೋಗ್ತೀನಿ. ನೀವು ಸಾಕ್ಷಿ ಹೇಳ್ಕಂಡು ಒಬ್ರೇ ಇರ್ರಿ."

ಅಪ್ಪ ಕಂಬಳಿ ಬಿಟ್ಟ. ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಅಜ್ಜಿಯೂ ಆ ವಿಷಯ ಎತ್ತಲಿಲ್ಲ, ಒಂದು ದಿನ ನನ್ನ ಜಡೆ ಹೆಣೆಯುತ್ತಾ, ಕುದ್ರೆ ಹೆಸ್ರು ಎತ್ತಿದ್ಯಲ್ಲ, ಸಾಬ್ರು ಊರೆಲ್ಲ ಹೇಳ್ಕಂಡು ತಿರುಗ್ತಾ ಅವ್ರೆ, ಎಂದಳು ಅಷ್ಟೆ. ಸ್ಟೂಲಿನ ಮೇಲೆ ನಾನು ಇಲ್ಲದಿದ್ದರೂ ಸಾಕ್ಷಿ ನಿಲ್ಲಲಿಲ್ಲ. ಸ್ವಂತ ಮಗಳ ಬಾಯಿಂದಲೇ ಸೈತಾನನು ನನ್ನನ್ನು ಶೋಧಿಸಿ ಪರೀಕ್ಷಿಸಿದನು ಎಂಬ ಹೊಸ ತುಂಡೊಂದು ಸೇರಿಕೊಂಡಿತು. ಏನು ಹೇಳೋಣ ಇಂಥವರಿಗೆ? ನನ್ನ ದೀಕ್ಷಾಸ್ನಾನ ಆಮೇಲೆ, ಟೀಚರ್ ಟ್ರೈನಿಂಗಿಗೆ ಹೋದ ಊರಿನಲ್ಲಿ, ಯಾರೂ ನನ್ನ ಗಂಟಲು ನೋಡದ ಕಡೆ ಆಯಿತು.

ಅಲ್ಲಿಂದ ಒಂದು ರಜೆಗೆ ನಾನು ಮನೆಗೆ ಬಂದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ಚಮಚ ಸರಿಸಿ, ನನ್ನ ಕೈ ಹಿಡಿದುಕೊಂಡಳು.

"ಉಸಿರಿರೋ ತನಕ ಅಂದಿದ್ದೆ ಕೂಸೇ. ಉಸ್ರು ಹೋದ ಮ್ಯಾಲೆ ನನ್ನ ಬಾಯಿ ನಂದೇ. ಒಂದು ಎಲೆ ಇಡು. ಸುಣ್ಣಕ್ಕೆ ನಿಮ್ಮವ್ವನ ಹಂಗೆ ಕೈ ಗಿಡ್ಡ ಮಾಡಬ್ಯಾಡ."

ಹೇಳಿ ನಕ್ಕಳು ಕೂಡ. ಬಿಸಿಲೇರುವ ಮೊದಲೇ ಹೋದಳು. ಅಪ್ಪ ಹೊಲಿಗೆ ಬಿಟ್ಟು ಬಂದು ಅವಳ ಕಾಲ ಹತ್ತಿರ ಬಿದ್ದು ಮಗುವಿನ ಹಾಗೆ ಅತ್ತ, ಆ ಅಳು ಸುಳ್ಳಲ್ಲ, ಅದನ್ನು ನಾನು ಹೇಳಲೇಬೇಕು. ಆದರೆ ಸಭೆಯವರು ಬಂದರು, ಹಟ್ಟಿಯಿಂದ ಅಜ್ಜಿಯ ಹಳೆಯ ಗುರುತಿನವರು ಬಂದರು, ಕೋಣೆ ತುಂಬಿತು. ಜನ ತುಂಬಿದ್ದೇ ತಡ, ಅಪ್ಪ ಕಣ್ಣೊರೆಸಿಕೊಂಡು ಹೆಣದ ತಲೆಯ ಬಳಿ ಎದ್ದು ನಿಂತ. ಆ ಇನ್ನೊಂದು ದನಿ ಬಂತು.

"ಪ್ರಿಯ ಸಹೋದರ ಸಹೋದರಿಯರೇ, ನನ್ನ ತಾಯಿ ತನ್ನ ಕಡೆಯ ಗಳಿಗೆಯಲ್ಲಿ ಕಣ್ಣು ತೆರೆದು, ಯೇಸುವೇ, ಎಂದು..."

ಕಡೆಯ ಗಳಿಗೆಯಲ್ಲಿ ಅವಳ ಹತ್ತಿರ ಇದ್ದವಳು ನಾನು. ಅವನು ಮುಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದ! ಮತ್ತೆ ಇರಲಿಲ್ಲ, ಮತ್ತೆ ಇದ್ದೆ ಎನ್ನುತ್ತಿದ್ದ. ನಾನು ಎದ್ದು ಹೊರಗೆ ಬಂದೆ. ಜಗಲಿಯ ಕಂಬಕ್ಕೆ ಒರಗಿ ಬುಡೇನ್ ಸಾಬರು ನಿಂತಿದ್ದರು.

"ಸಾಬ್ರೇ, ಎಲೆ ಅಡಿಕೆ ಕೊಡ್ರಿ."

ಅವರು ತಮ್ಮ ಡಬ್ಬಿಯನ್ನೇ ನನ್ನ ಕೈಗಿಟ್ಟರು. ಒಳಗೆ ಅಪ್ಪ, ಕರ್ತನು ಆಕೆಯ ಬಂಧನಗಳನ್ನೆಲ್ಲ ಬಿಡಿಸಿದನು ಎನ್ನುವಲ್ಲಿಗೆ ಬಂದಿದ್ದ. ನಾನು ಜನರ ನಡುವೆ ಹೋಗಿ ಅಜ್ಜಿಯ ತಲೆಯ ಪಕ್ಕ, ಅವನ ಕಾಲ ಬುಡದಲ್ಲೇ ಕೂತೆ. ಎಲೆಯನ್ನು ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದೆ. ಸುಣ್ಣ ಹಚ್ಚಿದೆ. ಅಡಿಕೆ ಇಟ್ಟೆ, ಮಡಿಸಿದೆ. ಅಪ್ಪನ ಮಾತು ನಿಂತಿತು.

"ಎಸ್ತರ್, ಏನೇ ಅದು?"

"ಹರಕೆ ತೀರ್ತು ಅಪ್ಪ."

ಅಜ್ಜಿಯ ದವಡೆಯಲ್ಲಿ ಎಲೆಯನ್ನು ಇಟ್ಟೆ. ಹಟ್ಟಿಯ ಮುದುಕಿಯೊಬ್ಬಳು ಗಟ್ಟಿಯಾಗಿ ಅಳತೊಡಗಿದಳು. ಅಪ್ಪ ಮೆಲ್ಲಗೆ ತಾಯಿಯ ತಲೆಯ ಹತ್ತಿರ, ನನ್ನ ಎದುರಿಗೆ ಕೂತ. ಆ ಸಾಕ್ಷಿಯನ್ನು ಅವನು ಅವತ್ತು ಮುಗಿಸಲಿಲ್ಲ. ಎಲೆಗೆ ಸುಣ್ಣವನ್ನು ನಾನು ಸ್ವಲ್ಪ ಹೆಚ್ಚೇ ಹಚ್ಚಿದ್ದೆ. ಅವಳಿಗೆ ಹಾಗೇ ಬೇಕಿತ್ತು.